1972ರ ಕಾಲದ ಸಿಆರ್‌ಓ: ಸವೆದದ್ದು ಯಾವುದು, ಬರೀ ಕೊಳೆಯಾದದ್ದು ಯಾವುದು?

ಪ್ರಶ್ನೆ, ಶಿವಮೊಗ್ಗದಿಂದ:

ನಮಸ್ಕಾರ ಸರ್. ಗುಜರಿ ಹರಾಜಿನಲ್ಲಿ ನನಗೊಂದು ಟೆಕ್ಟ್ರಾನಿಕ್ಸ್ 465 ಸಿಆರ್‌ಓ (ವಿದ್ಯುತ್ ಅಲೆಗಳನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲ್ಲೋಸ್ಕೋಪ್) ಸಿಕ್ಕಿತು. ಎರಡು ಚಾನೆಲ್, 100 ಮೆಗಾಹರ್ಟ್ಜ್. ಗೆರೆ ಚೂಪಾಗಿದೆ, ಅಲೆಯನ್ನು ಪರದೆಯ ಮೇಲೆ ನಿಲ್ಲಿಸುವ ಟ್ರಿಗರ್ ಚೆನ್ನಾಗಿ ಹಿಡಿಯುತ್ತದೆ. ತೊಂದರೆ ಇರುವುದು ಒಂದನೇ ಚಾನೆಲ್ಲಿನ ವೋಲ್ಟ್ಸ್ ಪರ್ ಡಿವಿಷನ್ ನಾಬ್‌ನಲ್ಲಿ, ಅಂದರೆ ಪರದೆಯ ಒಂದು ಮನೆಗೆ (ಡಿವಿಷನ್) ಎಷ್ಟು ವೋಲ್ಟ್ ಅಂತ ಆರಿಸುವ ನಾಬ್‌ನಲ್ಲಿ. ಮುಂದಿರುವ ಕ್ಯಾಲಿಬ್ರೇಟರ್‌ನಿಂದ 300 ಮಿಲಿವೋಲ್ಟ್ ಚೌಕ ಅಲೆ ಸಿಗುತ್ತದಲ್ಲ, ಅದನ್ನು ನೇರ ಕೇಬಲ್‌ನಲ್ಲಿ ಕೊಟ್ಟು ನಾಬನ್ನು 50 ಮಿಲಿವೋಲ್ಟ್‌ಗೆ ಇಟ್ಟರೆ 6 ಡಿವಿಷನ್ ಬರಬೇಕು. ನನಗೆ ಬರೋದು 4. ನಾಬನ್ನು ಬೆರಳಿಂದ ಪಕ್ಕಕ್ಕೆ ಒತ್ತಿದರೆ ಟಕ್ಕಂತ 6ಕ್ಕೆ ಹಾರುತ್ತದೆ, ಬಿಟ್ಟರೆ ಮತ್ತೆ ಕುಸಿಯುತ್ತದೆ. ಅದೇ ಸಿಗ್ನಲ್ಲನ್ನು ಹತ್ತನೇ ಒಂದಕ್ಕೆ ಇಳಿಸುವ 10x ಪ್ರೋಬ್‌ನಲ್ಲಿ ಕೊಟ್ಟು 5 ಮಿಲಿವೋಲ್ಟ್‌ನಲ್ಲಿ ನೋಡಿದರೆ ಸರಿಯಾಗಿ 6 ಡಿವಿಷನ್ ಇದೆ.

ಊರಿನ ಒಂದು ಅಂಗಡಿಗೆ ತೋರಿಸಿದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕೊಟ್ಟರು. ಎರಡು ದಿನ ಸರಿಯಿತ್ತು, ಈಗ ಮೊದಲಿಗಿಂತ ಹಾಳು. "ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಭಾಗ) ಪೂರ್ತಿ ಸವೆದಿದೆ, ಹೊಸದೇ ಹಾಕಬೇಕು, ಜೊತೆಗೆ ಎಲ್ಲಾ ಕೆಪಾಸಿಟರ್ ಬದಲಾಯಿಸಬೇಕು" ಅಂದರು. ಹೌದಾ ಸರ್? ಆ ಭಾಗ ಎಲ್ಲಿ ಹುಡುಕಲಿ?

ಉತ್ತರ:

ನಮಸ್ಕಾರ. ಮೊದಲು ಒಂದು ಮಾತು: ನೀವು ಪ್ರಶ್ನೆ ಕೇಳಿದ ರೀತಿಗೆ ನನಗೆ ಬಹಳ ಖುಷಿಯಾಯಿತು. "ಸಿಆರ್‌ಓ ಕೆಟ್ಟಿದೆ" ಅಂತಷ್ಟೇ ಬರೆಯದೆ ಯಾವ ರೇಂಜಿನಲ್ಲಿ ಎಷ್ಟು ಬರುತ್ತದೆ ಅಂತ ಅಳೆದು ಬರೆದಿದ್ದೀರಿ. ಉತ್ತರದ ಅರ್ಧ ಅದರಲ್ಲೇ ಇದೆ.

5 ಮಿಲಿವೋಲ್ಟ್‌ನಲ್ಲಿ ಅಳತೆ ಸರಿ ಬರುತ್ತಿದೆ ಅಂದರೆ ಆಂಪ್ಲಿಫೈಯರ್, ಡಿಲೇ ಲೈನ್, ಸಿಆರ್‌ಟಿ (ಪರದೆಯ ಕೊಳವೆ) ಎಲ್ಲ ಆರೋಗ್ಯವಾಗಿವೆ. 50ಕ್ಕೆ ತಿರುಗಿಸಿದಾಗ ಬೇರೆ ಅಟೆನ್ಯುಯೇಟರ್ ಭಾಗ ದಾರಿಗೆ ಬರುತ್ತದೆ. ಅಲ್ಲಿ ಸಂಪರ್ಕ ಸಡಿಲ. ನಾಬ್ ಒತ್ತಿದರೆ ಸರಿಹೋಗುವುದೇ ಅದಕ್ಕೆ ಸಾಕ್ಷಿ. ಭಾಗ ಹುಡುಕಲು ಈಗಲೇ ಹೊರಡಬೇಡಿ.

ಆ ನಾಬ್ ಹಿಂದೆ ಮಾಮೂಲಿ ರೋಟರಿ ಸ್ವಿಚ್ ಇಲ್ಲ. ಪ್ಲಾಸ್ಟಿಕ್‌ನ ಒಂದು ಉರುಳೆ ಇದೆ, ಅದರ ಮೈಮೇಲೆ ಅಲ್ಲಲ್ಲಿ ಉಬ್ಬು. ಉರುಳೆ ತಿರುಗಿದಂತೆ ಉಬ್ಬುಗಳು ತೆಳ್ಳನೆಯ ಲೋಹದ ಎಲೆಗಳನ್ನು ಆಡಿಸುತ್ತವೆ. ಎಲೆಯ ತುದಿ ಹೋಗಿ ಬೋರ್ಡಿನ ಮೇಲಿನ ಚಿನ್ನದ ಲೇಪದ ಪಟ್ಟಿಯ ಮೇಲೆ ಕೂರುತ್ತದೆ. ಹಾರ್ಮೋನಿಯಂ ಬಿಚ್ಚಿ ನೋಡಿದವರಿಗೆ ಒಳಗಿನ ಸ್ವರದ ನಾಲಿಗೆಗಳು ನೆನಪಾಗುತ್ತವೆ. ಐವತ್ತು ವರ್ಷದಲ್ಲಿ ಈ ಚಿನ್ನ ಸವೆಯುವುದು ಅಪರೂಪ. ಅದರ ಮೇಲೆ ಕೊಳೆಯ ಒಂದು ಪದರ ಕೂರುತ್ತದೆ, ಅಷ್ಟೇ. ನಿಮ್ಮಲ್ಲಿ ಈಗ ಆ ಕೊಳೆಯ ಜೊತೆಗೆ ಸ್ಪ್ರೇಯ ಎಣ್ಣೆಯೂ ಸೇರಿಕೊಂಡಿದೆ.

ಎಣ್ಣೆ ಯಾಕೆ ಕೆಟ್ಟದ್ದು ಅಂದರೆ, ಇದು ಫ್ಯಾನ್ ರೆಗ್ಯುಲೇಟರ್ ಅಲ್ಲ. ಈ ಇನ್‌ಪುಟ್‌ನ ರೋಧ 1 ಮೆಗಾಓಮ್. ಧೂಳು ಹಿಡಿದ ಎಣ್ಣೆಯ ಪದರದಲ್ಲಿ 10 ಮೆಗಾಓಮ್‌ನಷ್ಟು ಸೋರಿಕೆ ಆದರೂ ಒಟ್ಟು 0.91 ಮೆಗಾಓಮ್‌ಗೆ ಇಳಿಯಿತು. ಅಳೆಯುವ ಯಂತ್ರದಲ್ಲಿ ನೂರಕ್ಕೆ ಒಂಬತ್ತು ತಪ್ಪು ಅಂದರೆ ಅದು ಅಳೆಯುವ ಯಂತ್ರವೇ ಅಲ್ಲ.

ಹೀಗೆ ಮಾಡಿ. ಪ್ಲಗ್ ಕಿತ್ತು ಅರ್ಧ ಗಂಟೆ ಬಿಡಿ. ಅಟೆನ್ಯುಯೇಟರ್ ಮೇಲಿನ ಲೋಹದ ಶೀಲ್ಡ್ ತೆಗೆಯಿರಿ. ಹೊಳಪಿಲ್ಲದ ದಪ್ಪ ಕಾಗದ ತಗೊಳ್ಳಿ, ಹಳೇ ಮದುವೆ ಕರೆಯೋಲೆಯ ಒಳಪುಟ ಆದರೂ ಸರಿ, ಬಣ್ಣ ಇಲ್ಲದ ಕಡೆ ಎಲೆಯಷ್ಟೇ ಅಗಲದ ಪಟ್ಟಿ ಕತ್ತರಿಸಿ. ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತುದಿ ಅದ್ದಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತದೆ. ನಾಬ್ ತಿರುಗಿಸಿ ಎಲೆ ಮೇಲೆದ್ದಾಗ ಕಾಗದ ಒಳಗೆ ತೂರಿಸಿ, ಮತ್ತೆ ತಿರುಗಿಸಿ ಎಲೆ ಕಾಗದದ ಮೇಲೆ ಕೂತ ಮೇಲೆ ಮೆತ್ತಗೆ, ನೇರವಾಗಿ ಎಳೆಯಿರಿ. ಕಾಗದದ ಮೇಲೆ ಕಪ್ಪು ಗೀರು ಬರುತ್ತದೆ. ಹೊಸ ಕಾಗದ, ಇನ್ನೊಮ್ಮೆ. ಗೀರು ಬರುವುದು ನಿಲ್ಲುವವರೆಗೆ. ಒಂದೊಂದು ಎಲೆಗೂ ಹೀಗೇ. ಒಂದು ಚಾನೆಲ್‌ಗೆ ಒಂದು ಸಂಜೆ ಹಿಡಿಯುತ್ತದೆ, ಅವಸರ ಮಾಡಬೇಡಿ.

ಹತ್ತಿ ಸುತ್ತಿದ ಕಡ್ಡಿ ಒಳಗೆ ಹಾಕಲೇಬೇಡಿ. ಹತ್ತಿಯ ಎಳೆ ಎಲೆಯ ತುದಿಗೆ ಸಿಕ್ಕಿ ಅದು ಬಾಗಿದರೆ, ಆಗ ನಿಜವಾಗಿಯೂ ಹೊಸ ಸ್ವಿಚ್ ಹುಡುಕಬೇಕಾಗುತ್ತದೆ. ಉಪ್ಪುಕಾಗದ, ರಬ್ಬರ್ ಎರಡೂ ಬೇಡ. ಚಿನ್ನ ಇರುವುದು ಕೂದಲಿಗಿಂತ ಎಷ್ಟೋ ತೆಳ್ಳಗೆ, ಒಮ್ಮೆ ಉಜ್ಜಿದರೆ ಹೋಯಿತು. ಅಸಿಟೋನ್, ಥಿನ್ನರ್ ಹತ್ತಿರವೂ ತರಬೇಡಿ, ಉರುಳೆಯ ಪ್ಲಾಸ್ಟಿಕ್ ಕರಗುತ್ತದೆ.

ಕೆಪಾಸಿಟರ್ ವಿಷಯ: ಅಳೆಯದೆ ಒಂದನ್ನೂ ಕೀಳಬೇಡಿ. ಸ್ವಿಚ್ ಮುಗಿದ ಮೇಲೆ ಒಳಗಿನ ಪವರ್ ಸಾಲುಗಳನ್ನು (ಬೋರ್ಡುಗಳಿಗೆ ಕರೆಂಟ್ ಹಂಚುವ ದಾರಿಗಳು) ಟೆಸ್ಟ್ ಪಾಯಿಂಟ್‌ಗಳಲ್ಲಿ ಅಳೆದು ಬರೆಯಿರಿ: ಪ್ಲಸ್ 110, 55, 15, 5 ಮತ್ತು ಮೈನಸ್ 8 ವೋಲ್ಟ್. ಸರ್ವಿಸ್ ಮ್ಯಾನ್ಯುಯಲ್‌ನ ಸ್ಕ್ಯಾನ್ ಸುಲಭವಾಗಿ ಸಿಗುತ್ತದೆ, ಇಳಿಸಿಕೊಳ್ಳಿ. ಹಾಗೆ ಅಳೆಯುವಾಗ ಸಿಆರ್‌ಟಿ ಕಡೆ ಕೈ ಹೋಗಬಾರದು. ಅಲ್ಲಿ ಸಾವಿರಾರು ವೋಲ್ಟ್ ಇದೆ. ಒಂದು ಕೈ ಜೇಬಿನಲ್ಲಿರಲಿ. ಮತ್ತೆ, ಪ್ಲಗ್‌ನ ಅರ್ಥ್ ಪಿನ್ ಕತ್ತರಿಸಿದ್ದರೆ ಮೊದಲು ಅದನ್ನು ಸರಿಮಾಡಿ. ಹರಾಜಿನ ಮಾಲಿನಲ್ಲಿ ಇದನ್ನು ಬಹಳ ನೋಡಿದ್ದೇನೆ.

ಶಿವಮೊಗ್ಗದಿಂದ, ನಾಲ್ಕು ದಿನದ ನಂತರ:

ಸರ್, ನೀವು ಹೇಳಿದ ಹಾಗೇ ಮಾಡಿದೆ. ಮೊದಲ ಕಾಗದದಲ್ಲಿ ಕಾಡಿಗೆ ಹಚ್ಚಿದ ಹಾಗೆ ಗೀರು ಬಂತು! ಈಗ 50ರಲ್ಲಿ 6 ಡಿವಿಷನ್, 100ರಲ್ಲಿ 3, ನಾಬ್ ಅಲ್ಲಾಡಿಸಿದರೂ ಗೆರೆ ಕದಲುವುದಿಲ್ಲ. ಆದರೆ ನಿನ್ನೆ ರಾತ್ರಿ ಇಪ್ಪತ್ತು ನಿಮಿಷ ಓಡಿದ ಮೇಲೆ ಗೆರೆ ಇದ್ದಕ್ಕಿದ್ದಂತೆ ಮಾಯ. ಹೊಗೆ ಇಲ್ಲ, ವಾಸನೆ ಇಲ್ಲ. ಅಳೆದೆ: ಪ್ಲಸ್ 15 ಇರಬೇಕಾದಲ್ಲಿ 0.4 ವೋಲ್ಟ್ ಇದೆ. ಪ್ಲಗ್ ಕಿತ್ತು ಆ ಸಾಲಿನಿಂದ ಗ್ರೌಂಡ್‌ಗೆ ನೋಡಿದರೆ 1 ಓಮ್‌ಗೂ ಕಡಿಮೆ. ನನ್ನಿಂದಲೇ ಏನಾದರೂ ಆಯಿತಾ?

ಉತ್ತರ:

ನಿಮ್ಮಿಂದ ಆದದ್ದಲ್ಲ, ಸಮಾಧಾನವಾಗಿರಿ. ಟ್ಯಾಂಟಲಮ್ ಕೆಪಾಸಿಟರ್ ಒಂದು ಶಾರ್ಟ್ ಆಗಿದೆ ಅಂತ ನನ್ನ ಅಂದಾಜು. ಬೇಳೆಕಾಳಿನ ಗಾತ್ರದ ಹನಿಯಾಕಾರದ ಕೆಪಾಸಿಟರ್‌ಗಳು. ಅಲ್ಯೂಮಿನಿಯಂ ಎಲೆಕ್ಟ್ರೋಲೈಟಿಕ್ ಮುಪ್ಪಾದರೆ ಒಣಗಿ ನಿಧಾನ ಸೊರಗುತ್ತದೆ. ಟ್ಯಾಂಟಲಮ್ ಹಾಗಲ್ಲ, ಮುನ್ಸೂಚನೆಯೇ ಇಲ್ಲದೆ ಒಂದು ದಿನ ತಂತಿಯಂತಾಗಿಬಿಡುತ್ತದೆ. ವರ್ಷಗಟ್ಟಲೆ ಓಡದೆ ಮೂಲೆಯಲ್ಲಿದ್ದ ಯಂತ್ರಕ್ಕೆ ಮತ್ತೆ ಕರೆಂಟ್ ಕೊಟ್ಟ ಮೊದಲ ವಾರಗಳಲ್ಲಿ ಇದು ಹೆಚ್ಚು. ರೆಗ್ಯುಲೇಟರ್ ತನ್ನ ಕರೆಂಟ್ ಮಿತಿಗೆ ಹೋಗಿ ಸುಮ್ಮನಾಗಿದೆ, ಅದಕ್ಕೇ ಹೊಗೆ ಬಂದಿಲ್ಲ. ಕಟ್ಟಿದವರು ಒಳ್ಳೆಯ ಕೆಲಸ ಮಾಡಿದ್ದಾರೆ.

ಒಂದೇ ಸಾಲಿನಲ್ಲಿ ಇಂಥವು ಹತ್ತಾರು ಇರುತ್ತವೆ. ಒಂದೊಂದನ್ನೇ ಕಿತ್ತು ನೋಡುವುದು ಬೋರ್ಡಿಗೆ ಮಾಡುವ ಹಿಂಸೆ. ನಿಮ್ಮ ಬೆಂಚ್ ಪವರ್ ಸಪ್ಲೈಯನ್ನು 0.4 ವೋಲ್ಟ್‌ಗೆ, ಕರೆಂಟ್ ಮಿತಿಯನ್ನು ಅರ್ಧ ಆಂಪಿಯರ್‌ಗೆ ಇಡಿ. ಸಿಆರ್‌ಓ ಪ್ಲಗ್ ಕಿತ್ತೇ ಇರಲಿ. ಆ ಸಪ್ಲೈಯನ್ನು 15 ವೋಲ್ಟ್ ಸಾಲಿಗೆ ಕೊಡಿ. ಇಷ್ಟು ಕಡಿಮೆ ವೋಲ್ಟೇಜ್‌ನಲ್ಲಿ ಯಾವ ಟ್ರಾನ್ಸಿಸ್ಟರೂ ಎಚ್ಚರಗೊಳ್ಳುವುದಿಲ್ಲ, ಕರೆಂಟ್ ಎಲ್ಲ ಶಾರ್ಟ್ ಕಡೆಗೇ ಓಡುತ್ತದೆ. ಈಗ ಮೀಟರನ್ನು 200 ಮಿಲಿವೋಲ್ಟ್ ರೇಂಜಿಗಿಟ್ಟು, ಒಂದು ಪ್ರೋಬನ್ನು ನೀವು ಕರೆಂಟ್ ಕೊಟ್ಟ ಜಾಗದಲ್ಲೇ ಬಿಟ್ಟು, ಇನ್ನೊಂದನ್ನು ಸಾಲಿನುದ್ದಕ್ಕೂ ಸರಿಸುತ್ತಾ ಹೋಗಿ. ಶಾರ್ಟ್ ಕಡೆಗೆ ಹೋದಂತೆ ಮೀಟರಿನ ಓದು ಏರುತ್ತದೆ. ದಾಟಿ ಮುಂದೆ ಹೋದರೆ, ಅಥವಾ ಪಕ್ಕದ ಕವಲಿಗೆ ಹೊರಳಿದರೆ ಓದು ನಿಂತುಬಿಡುತ್ತದೆ, ಯಾಕೆಂದರೆ ಅಲ್ಲಿ ಕರೆಂಟ್ ಹರಿಯುತ್ತಿಲ್ಲ. ನಿಂತ ಆ ಜಾಗದ ಹನಿಯೇ ಅಪರಾಧಿ. ಅದನ್ನೊಂದನ್ನು ಬಿಡಿಸಿ, ಸಾಲಿನ ಓಮ್ ಮತ್ತೆ ಅಳೆಯಿರಿ.

ಹೊಸದು ಹಾಕುವಾಗ ಮೈಕ್ರೋಫ್ಯಾರಡ್ ಅದೇ ಇರಲಿ, ವೋಲ್ಟೇಜ್ ಜಾಸ್ತಿ ಇರಲಿ. 15 ವೋಲ್ಟ್ ಸಾಲಿಗೆ 35 ವೋಲ್ಟಿನದು. ಟ್ಯಾಂಟಲಮ್ಮೇ ಬೇಕೆಂದಿಲ್ಲ, ಸಾಲಿನ ಫಿಲ್ಟರ್ ಜಾಗಕ್ಕೆ 105 ಡಿಗ್ರಿಯ ಒಳ್ಳೆ ಎಲೆಕ್ಟ್ರೋಲೈಟಿಕ್ ನಡೆಯುತ್ತದೆ. ಒಂದು ಕಡೆ ಮಾತ್ರ ಜಾಗ್ರತೆ: ಟ್ಯಾಂಟಲಮ್ ಹನಿಯ ಮೇಲೆ ಗುರುತು ಹಾಕುವುದು ಪ್ಲಸ್ ಕಾಲಿಗೆ, ಎಲೆಕ್ಟ್ರೋಲೈಟಿಕ್ ಡಬ್ಬಿಯ ಮೇಲೆ ಪಟ್ಟಿ ಎಳೆಯುವುದು ಮೈನಸ್ ಕಾಲಿಗೆ. ಹಳೆಯದರ ಗುರುತಿನ ಜಾಗಕ್ಕೆ ಹೊಸದರ ಗುರುತನ್ನು ಹೊಂದಿಸಿ ಕೂರಿಸಿದರೆ ತಿರುಗುಮುರುಗಾಗುತ್ತದೆ. ಬೋರ್ಡಿನ ಮೇಲೆ ಪ್ಲಸ್ ಎಲ್ಲಿದೆ ಅಂತ ಮೀಟರಿನಿಂದ ಖಚಿತ ಮಾಡಿಕೊಂಡೇ ಹಾಕಿ.

ಬೆಂಗಳೂರಿನ ಸದಸ್ಯರೊಬ್ಬರು:

ಸರ್, ಗೌರವದಿಂದಲೇ ಕೇಳ್ತೀನಿ. ಒಂದು ಹೋಯಿತು ಅಂದರೆ ಉಳಿದವೂ ಅದೇ ವಯಸ್ಸಿನವು. ಇಲ್ಲಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ಗೆ ಹೋಗಿ ಒಂದೇ ಸಲ ಎಲ್ಲವನ್ನೂ ತಂದು ಬದಲಾಯಿಸಿಬಿಟ್ಟರೆ ನೆಮ್ಮದಿ ಅಲ್ಲವೇ?

ಉತ್ತರ:

ನಿಮ್ಮ ಮಾತಿನಲ್ಲಿ ತರ್ಕ ಇದೆ, ಆದರೂ ನಾನು ಒಪ್ಪುವುದಿಲ್ಲ. ಹಳೆಯ ಬೋರ್ಡಿನ ತಾಮ್ರದ ಬಿಲ್ಲೆಗಳು ಎರಡನೇ ಸಲದ ಬಿಸಿಗೇ ಎದ್ದುಬರುತ್ತವೆ. ನೂರು ಕೆಪಾಸಿಟರ್ ಬದಲಾಯಿಸಿದವರು ಮೂರು ಹೊಸ ದೋಷ ಸೇರಿಸಿಕೊಂಡು ಬರುವುದನ್ನು ನನ್ನ ಬೆಂಚಿನ ಮೇಲೆ ಬಹಳ ಸಲ ನೋಡಿದ್ದೇನೆ. ಆ ಮೂರನ್ನು ಹುಡುಕುವುದು ಮೂಲ ದೋಷಕ್ಕಿಂತ ಕಷ್ಟ. ದೊಡ್ಡ ಫಿಲ್ಟರ್ ಡಬ್ಬಿಗಳಿಗೂ ಇದೇ ಮಾತು: ರೆಗ್ಯುಲೇಟರ್ ದಾಟಿದ ಸಾಲಿನಲ್ಲಿ 100 ಹರ್ಟ್ಜ್ ರಿಪಲ್ (ಉಳಿದ ಏರಿಳಿತ) ಕೆಲವೇ ಮಿಲಿವೋಲ್ಟ್ ಇದ್ದರೆ ಆ ಡಬ್ಬಿ ಇನ್ನೂ ದುಡಿಯುತ್ತಿದೆ, ಮುಟ್ಟಬೇಡಿ.

ಅಳೆಯದೆಯೇ ಬದಲಾಯಿಸಿ ಅಂತ ನಾನು ಹೇಳುವುದು ಒಂದನ್ನು ಮಾತ್ರ. ಕೆಲವು ಹಳೆಯ ಉಪಕರಣಗಳ ಮೇನ್ಸ್ ಬರುವ ಜಾಗದಲ್ಲಿ ಪಾರದರ್ಶಕ ಹಳದಿ ಮೈಯ ಕಾಗದದ ಕೆಪಾಸಿಟರ್ ಇರುತ್ತದೆ. ಮೈ ಬಿರುಕುಬಿಟ್ಟಿದ್ದರೆ ತೇವ ಒಳಗೆ ಹೋಗಿದೆ ಅಂತ ಅರ್ಥ; ಒಂದು ದಿನ ಕೋಣೆ ತುಂಬ ಹೊಗೆ. ಅಷ್ಟೇ ಮೈಕ್ರೋಫ್ಯಾರಡ್‌ನ, ಮೇನ್ಸ್‌ಗೆಂದೇ ಮಾಡಿದ ಎಕ್ಸ್2 ದರ್ಜೆಯ ಫಿಲ್ಮ್ ಕೆಪಾಸಿಟರ್ ಹಾಕಿ.

ಧಾರವಾಡದಿಂದ:

ಸರ, ನಮ್ಮ ಹತ್ರ ಇನ್ನೂ ಹಳೇದು ಒಂದ ಐತ್ರಿ, ವಾಲ್ವಿಂದು, ಟೆಕ್ಟ್ರಾನಿಕ್ಸ್ 545. ಒಳಗ ಬಿಳಿ ಪಿಂಗಾಣಿ ಪಟ್ಟಿ ಸಾಲ ಸಾಲ ಅದಾವು, ಸಾಮಾನೆಲ್ಲಾ ಅದರ ಮ್ಯಾಲೆ ಬೆಸುಗಿ ಹಾಕ್ಯಾರ. ಒಂದ ರೆಸಿಸ್ಟರ್ ಬದಲಿ ಮಾಡಬೇಕ್ರಿ. ಸಾದಾ ಬೆಸುಗಿ ತಂತಿ ನಡೀತೈತೇನ್ರಿ?

ಉತ್ತರ:

ಕೈ ಹಾಕುವ ಮೊದಲು ಕೇಳಿದಿರಲ್ಲ, ಒಳ್ಳೆಯದಾಯಿತು. ಸಾದಾ ತಂತಿ ಬೇಡ. ಆ ಪಿಂಗಾಣಿಯ ಕಚ್ಚುಗಳಲ್ಲಿ ಬೆಳ್ಳಿಯ ಲೇಪ ಇದೆ, ಬೆಸುಗೆ ಹಿಡಿದಿರುವುದು ಅದಕ್ಕೆ. ಸಾದಾ ತವರ-ಸೀಸದ ಬೆಸುಗೆ ಕರಗಿದಾಗಲೆಲ್ಲ ಆ ಬೆಳ್ಳಿಯನ್ನು ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಕೆಲವು ಸಲಕ್ಕೆ ಬೆಳ್ಳಿ ಮುಗಿದು ಬೆಸುಗೆ ನಿಲ್ಲುವುದೇ ಇಲ್ಲ. ಸುಮಾರು ನೂರಕ್ಕೆ 3 ಪಾಲು ಬೆಳ್ಳಿ ಇರುವ ಬೆಸುಗೆ ತಂತಿ ಬೇಕು. ನಿಮ್ಮ ಯಂತ್ರದ ಒಳಗೇ ಒಮ್ಮೆ ಹುಡುಕಿ: ರಿಪೇರಿ ಮಾಡುವವರಿಗೆ ಅಂತ ಕಾರ್ಖಾನೆಯವರೇ ಒಂದು ಸಣ್ಣ ಸುರುಳಿಯಲ್ಲಿ ಆ ತಂತಿ ಇಟ್ಟು ಕಳಿಸುತ್ತಿದ್ದರು. ಮುಂದೆ ಯಾರೋ ಒಬ್ಬ ಅಪರಿಚಿತ ಇದನ್ನು ಬಿಚ್ಚುತ್ತಾನೆ, ಅವನ ಕೈಗೆ ಸರಿಯಾದ ವಸ್ತು ಸಿಗಲಿ ಎಂದು ಯೋಚಿಸಿದ್ದಾರೆ. ಆ ಸುರುಳಿ ನೋಡಿದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಅದು ಇನ್ನೂ ಅಲ್ಲೇ ಇದ್ದರೆ ಬೇಕಾದಷ್ಟೇ ಬಳಸಿ, ಉಳಿದದ್ದನ್ನು ಅಲ್ಲೇ ಬಿಡಿ. ಮತ್ತೆ, ಹಳೆಯ ಕಾಲು ಬಿಡಿಸುವಾಗ ಪಿಂಗಾಣಿಗೆ ಆನಿಸಿ ಮೀಟಬೇಡಿ, ಸೀಳುತ್ತದೆ.

ಶಿವಮೊಗ್ಗದಿಂದ:

ಸರ್, ಸಿಕ್ಕಿತು! ಓದು ಏರುತ್ತಾ ಹೋಗಿ ಒಂದು ಕಡೆ ನಿಂತುಬಿಟ್ಟಿತು. ಆ ಹನಿ ಕಿತ್ತೆ, ಸಾಲು 15.02 ವೋಲ್ಟ್‌ಗೆ ಬಂತು, ಗೆರೆ ಬಂತು. ಮನೆಯಲ್ಲಿ ಎಲ್ಲರನ್ನೂ ಕರೆದು ತೋರಿಸಿದೆ. ಇನ್ನು ಎರಡೇ ಸಣ್ಣ ಪ್ರಶ್ನೆ. ಗೆರೆಯನ್ನು ಪರದೆಯ ಮೇಲೆ ಸರಿಸುವ ಪೊಸಿಷನ್ ನಾಬ್ ತಿರುಗಿಸಿದಾಗ ಗೆರೆ ಕರಕರ ಕುಣಿಯುತ್ತದೆ. ಮತ್ತೆ, 50 ಮಿಲಿವೋಲ್ಟ್‌ನಲ್ಲಿ ಚೌಕ ಅಲೆಯ ಮುಂದಿನ ಮೂಲೆ ಸ್ವಲ್ಪ ಎದ್ದಿದೆ, ಬೇರೆ ರೇಂಜಿನಲ್ಲಿ ಹಾಗಿಲ್ಲ.

ಉತ್ತರ:

ನಿಮ್ಮಷ್ಟೇ ಸಂತೋಷ ನನಗೂ.

ಪೊಸಿಷನ್ ಪಾಟ್‌ಗೆ (ನಾಬ್ ಹಿಂದಿನ ತಿರುಗುವ ರೆಸಿಸ್ಟರ್) ಕಾಂಟ್ಯಾಕ್ಟ್ ಕ್ಲೀನರ್ ನಡೆಯುತ್ತದೆ, ಪಾಟ್‌ಗೆಂದೇ ಮಾಡಿದ್ದು. ಸ್ಪ್ರೇ ಮಾಡಬೇಡಿ, ಸಿರಿಂಜ್‌ನಲ್ಲಿ ಒಂದೇ ಹನಿ ಕಾಲುಗಳ ಪಕ್ಕದ ಸಂದಿಗೆ ಬಿಟ್ಟು, ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ತಿರುಗಿಸಿ. ಆಮೇಲೂ ಒಂದೇ ಜಾಗದಲ್ಲಿ ಕುಣಿದರೆ ಇಂಗಾಲದ ಹಾದಿ ನಿಜವಾಗಿ ಸವೆದಿದೆ. ಮುಳ್ಳಿನ ಮೀಟರ್ ಕಟ್ಟಿ ನಿಧಾನ ತಿರುಗಿಸಿದರೆ ಮುಳ್ಳು ಎಲ್ಲಿ ಹಾರುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ಪಾಟ್ ಬಿಚ್ಚಲು ಬರುವಂಥದ್ದಾದರೆ ಹಾದಿಯ ಮೇಲೆ ಜಾರುವ ಲೋಹದ ಬೆರಳನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ, ಸವೆಯದ ಹಾದಿಯ ಮೇಲೆ ಓಡುತ್ತದೆ. ಅದೂ ಆಗದಿದ್ದರೆ ಮಾತ್ರ ಬದಲಿ.

ಎದ್ದಿರುವ ಮೂಲೆಗೆ ಆ ಅಟೆನ್ಯುಯೇಟರ್‌ನ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಸಣ್ಣ ಕೆಪಾಸಿಟರ್) ಕಾರಣ. ಒಂದೊಂದು ಭಾಗಕ್ಕೂ ಎರಡು ಟ್ರಿಮ್ಮರ್ ಇರುತ್ತವೆ: ಒಂದು ಅಲೆಯ ಆಕಾರಕ್ಕೆ, ಇನ್ನೊಂದು ಎಲ್ಲ ರೇಂಜಿನಲ್ಲೂ ಪ್ರೋಬ್ ಒಂದೇ ಥರ ಹೊಂದಲಿ ಎಂದು. ಯಾವುದು ಯಾವುದೆಂದು ಮ್ಯಾನ್ಯುಯಲ್‌ನಲ್ಲಿ ಚಿತ್ರ ಇದೆ, ಅದನ್ನು ಮುಂದಿಟ್ಟುಕೊಳ್ಳದೆ ತಿರುಗಿಸಬೇಡಿ. ಯಂತ್ರ ಅರ್ಧ ಗಂಟೆ ಬಿಸಿಯಾಗಲಿ. ಟ್ರಿಮ್ಮರ್ ಈಗ ಇರುವ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಪ್ಲಾಸ್ಟಿಕ್ ತುದಿಯ ಸ್ಕ್ರೂಡ್ರೈವರ್‌ನಲ್ಲಿ ಒಂದಿಷ್ಟೇ ತಿರುಗಿಸಿ, ಮೂಲೆ ಚಪ್ಪಟೆಯಾದಲ್ಲಿ ನಿಲ್ಲಿಸಿ. ಶೀಲ್ಡ್ ಮುಚ್ಚಿದ ಮೇಲೆ ಇನ್ನೊಮ್ಮೆ ನೋಡಿ, ಮುಚ್ಚಿದಾಗ ಸ್ವಲ್ಪ ಬದಲಾಗುತ್ತದೆ. ಆ ಬದಲಾವಣೆಯನ್ನೂ ಲೆಕ್ಕಕ್ಕೆ ಹಿಡಿದು ಕೊನೆಯ ಸಲ ಹೊಂದಿಸಿ, ಫೋಟೋ ಹಾಕಿ.