ಪದಚರ್ಚೆ: ಡಿಸ್ಕ್‌ಗೆ ಹಾಕುವ ‘ಮಾರ್ಬಲ್’ ಬಣ್ಣಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ನಮಸ್ಕಾರ. ನಾಳೆ ಸಂಜೆಯೊಳಗೆ ಮಕ್ಕಳ ಕೈಪಿಡಿಯ ಪುಟ ಅಚ್ಚಿಗೆ ಹೋಗಬೇಕು, ಆದ್ದರಿಂದ ಅವಸರ. ಇಲ್ಲಿನ ಕನ್ನಡ ತರಗತಿಯ ಮಕ್ಕಳು ಡಿಸ್ಕ್ ಗಾಲ್ಫ್ ಆಡುತ್ತಾರೆ, ಅಂದರೆ ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ದೂರದ ಬುಟ್ಟಿಗೆ ಎಸೆಯುವ ಆಟ. ಊರಿನಿಂದ ಬಂದಿರುವ ಅಜ್ಜ ಅಜ್ಜಿಯರಿಗೆ ತಮ್ಮ ಡಿಸ್ಕ್‌ಗಳಿಗೆ ಮನೆಯಲ್ಲೇ ಬಣ್ಣ ಹಾಕುವ ಬಗೆಯನ್ನು ತೋರಿಸಲಿದ್ದಾರೆ. ಅಗಲವಾದ ತಟ್ಟೆಯಲ್ಲಿ ಶೇವಿಂಗ್ ಕ್ರೀಮಿನ ನೊರೆ ಹರಡಿ, ಪಾಲಿಯೆಸ್ಟರ್ ಬಟ್ಟೆಗೆ ಬಳಸುವ ಡಿಸ್ಪರ್ಸ್ ಬಣ್ಣವನ್ನು ಅದರ ಮೇಲೆ ಹನಿಸಿ, ಕಡ್ಡಿಯಿಂದ ಎಳೆಯುತ್ತಾರೆ. ಆಮೇಲೆ ಪಾಲಿಯುರಥೇನ್ ಎಂಬ ಪ್ಲಾಸ್ಟಿಕ್ಕಿನ ಡಿಸ್ಕನ್ನು ಕವುಚಿ ಹಾಕಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ತೊಳೆದರೆ ನೊರೆಯ ಮೇಲಿದ್ದ ಚಿತ್ತಾರ ಡಿಸ್ಕಿನೊಳಗೆ ಇಳಿದಿರುತ್ತದೆ. ಅಗ್ಗದ ಮಾಮೂಲಿ ಪ್ಲಾಸ್ಟಿಕ್ಕಿಗೆ ಈ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.

ಎರಡು ಕಡೆ ಸಿಕ್ಕಿಬಿದ್ದಿದ್ದೇನೆ. ಹೀಗೆ ತೇಲುವ ಬಣ್ಣದ ಚಿತ್ತಾರವನ್ನು ಇಳಿಸಿಕೊಳ್ಳುವ ‘ಮಾರ್ಬಲಿಂಗ್’ ಎಂಬುದಕ್ಕೆ ಏನೆನ್ನಲಿ? ಇನ್ನೊಂದು, ‘ಡೈ ಮಾಡಿ, ಪೇಂಟ್ ಮಾಡಬೇಡಿ’ ಎಂಬ ಎಚ್ಚರಿಕೆ. ನಮ್ಮಲ್ಲಿ ಎರಡೂ ‘ಬಣ್ಣ’ವೇ. ಆದರೆ ಆಟದ ನಿಯಮಕ್ಕೆ ಎರಡೂ ಒಂದಲ್ಲ: ಡಿಸ್ಕಿನ ಮೇಲೆ ಕೈಗೆ ದಪ್ಪ ತಗಲುವಂಥ ಯಾವ ಲೇಪವನ್ನೂ ಈ ಆಟದ ನಿಯಮ ಮಾಡುವ ಸಂಸ್ಥೆಯಾದ ಪಿಡಿಜಿಎ ಒಪ್ಪುವುದಿಲ್ಲ, ಒಳಗಿಳಿದ ಬಣ್ಣವನ್ನು ಒಪ್ಪುತ್ತದೆ.
— ಕ್ಯಾಲಿಫೋರ್ನಿಯಾದಿಂದ

*

‘ಅಮೃತಶಿಲೆಬಣ್ಣ’ ಎಂದು ಬರೆಯಿರಿ. ಎಲ್ಲರಿಗೂ ಅರ್ಥವಾಗುತ್ತದೆ.
— ಬೆಂಗಳೂರಿನಿಂದ

*

ಅರ್ಥವಾಗುವುದಿಲ್ಲ. ಅಮೃತಶಿಲೆ ಎಂದೊಡನೆ ಕನ್ನಡಿಗರ ಕಣ್ಣಿಗೆ ಬರುವುದು ಬಿಳುಪು, ನಯ, ವಿಗ್ರಹ. ಸುತ್ತಿ ಸುಳಿದ ಬಣ್ಣದ ಗೆರೆಗಳು ಬರುವುದಿಲ್ಲ. ಜೊತೆಗೆ ಅದು ಶುದ್ಧ ಅರಿಸಮಾಸ.

ಎರಡನೆಯ ಪ್ರಶ್ನೆಯೇ ಇಲ್ಲಿ ಮುಖ್ಯವಾದದ್ದು. ಅದಕ್ಕೆ ನಾಮಪದ ಹುಡುಕುವುದೇ ತಪ್ಪು ದಾರಿ. ಕನ್ನಡ ಈ ಭೇದವನ್ನು ಕ್ರಿಯಾಪದದಲ್ಲಿ ಇಟ್ಟುಕೊಂಡಿದೆ. ಗೋಡೆಗೆ ಬಣ್ಣ ಬಳಿಯುತ್ತೇವೆ, ಬಾಗಿಲಿಗೆ ಹಚ್ಚುತ್ತೇವೆ, ಗೇಟಿಗೆ ಹೊಡೆಯುತ್ತೇವೆ. ಇವೆಲ್ಲ ಮೇಲೆಯೇ ನಿಲ್ಲುವಂಥವು. ನೂಲಿಗೆ ಬಣ್ಣ ಕಟ್ಟುತ್ತೇವೆ, ಬಟ್ಟೆಯನ್ನು ಬಣ್ಣದಲ್ಲಿ ಅದ್ದುತ್ತೇವೆ, ಬಣ್ಣ ‘ಹಿಡಿಯಿತು’ ಎನ್ನುತ್ತೇವೆ. ಇವುಗಳಿಗಿಂತ ಆಳವಾದ ಪದವೂ ಒಂದಿದೆ: ಊಡು. ಉಣ್ಣು ಎಂಬುದರ ಪ್ರೇರಣಾರ್ಥಕ, ಊಟದ ನಂಟು. ಕರುವಿಗೆ ಹಾಲೂಡಿಸುವುದರಲ್ಲಿ ಇವತ್ತಿಗೂ ಬದುಕಿದೆ. ಪ್ಲಾಸ್ಟಿಕ್ ಬಣ್ಣವನ್ನು ರಾತ್ರಿಯಿಡೀ ಉಣ್ಣುತ್ತದೆಯಲ್ಲವೇ? ‘ಬಣ್ಣ ಊಡಿಸಿ, ಬಳಿಯಬೇಡಿ.’ ಇದಕ್ಕಿಂತ ಸ್ಪಷ್ಟವಾದ ವಾಕ್ಯ ಯಾವ ಭಾಷೆಯಲ್ಲೂ ಬರಲಾರದು.

ಮೊದಲನೆಯದಕ್ಕೆ ‘ತೇಲುಬಣ್ಣ’ ಇರಲಿ. ಸುಡುಗಾಡು, ತೂಗುತೊಟ್ಟಿಲುಗಳಂತೆ ಗಮಕಸಮಾಸ. ಜಪಾನಿನವರು ಸುಮಿನಾಗಾಶಿ ಎಂಬ ತಮ್ಮ ಇಂಥದ್ದೇ ಕಲೆಯನ್ನು ಕಲ್ಲಿನ ಹೆಸರಿನಿಂದ ಕರೆಯಲಿಲ್ಲ, ನೀರಿನ ಮೇಲೆ ತೇಲಿಹೋಗುವ ಮಸಿಯನ್ನು ನೋಡಿ ಕರೆದರು. ನಾವೂ ಆಗುವ ಕೆಲಸವನ್ನು ನೋಡಿ ಹೆಸರಿಡೋಣ.
— ಮೈಸೂರಿನಿಂದ

*

ಹೆಸರು ಈಗಾಗಲೇ ಇದೆ, ಇಡಬೇಕಾಗಿಲ್ಲ. ‘ಅಬ್ರಿ’. ಪಾರಸಿಯಲ್ಲಿ ಅಬ್ರ್ ಎಂದರೆ ಮೋಡ. ತುರ್ಕಿಯವರ ಎಬ್ರುವೂ ಇದರ ಬಳಗದ್ದೇ. ಯುನೆಸ್ಕೊ 2014ರಲ್ಲಿ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಟು ಬೆರೆಸಿದ ನೀರಿನ ಮೇಲೆ ಎತ್ತಿನ ಪಿತ್ತರಸ ಕೂಡಿಸಿದ ಬಣ್ಣ ಹನಿಸಿ, ಕಾಗದವನ್ನು ಮೇಲೆ ಹಾಸಿ ಎತ್ತುವ ಈ ಕಲೆ 17ನೆಯ ಶತಮಾನದಲ್ಲಿ ನಮ್ಮ ಆದಿಲ್‌ಶಾಹಿ ಬಿಜಾಪುರದಲ್ಲೇ ಅರಳಿತ್ತು. ಬೇರೆ ಕಡೆಯವರು ಪುಸ್ತಕದ ಅಂಚಿಗೆ ಬಳಸಿದ್ದನ್ನು ದಖ್ಖನಿನ ಕಲಾವಿದರು ಚಿತ್ರದ ಮೈಯನ್ನಾಗಿ ಮಾಡಿಕೊಂಡರು. ಎಲುಬು ಕಾಣುವ ಬಡಕಲು ಕುದುರೆಯ ಮೈತುಂಬ ಅಬ್ರಿಯ ಸುಳಿಗಳಿರುವ ಚಿತ್ರಗಳನ್ನು ನೋಡಿದವರು ಮರೆಯಲಾರರು. ಇಷ್ಟು ಹತ್ತಿರದ ಪದವನ್ನು ಬಿಟ್ಟು ಜಪಾನಿಗೆ ಏಕೆ ಹೋಗಬೇಕು?
— ವಿಜಯಪುರದಿಂದ

*

ಇಂಗ್ಲಿಷ್ ಬಿಟ್ಟು ಪಾರಸಿ ತಂದರೆ ಸಾಲ ತೀರಿತೇ? ಸಾಲಗಾರ ಬದಲಾದನಷ್ಟೇ. ಮೋಡವೇ ಬೇಕಾದರೆ ‘ಮುಗಿಲುಬಣ್ಣ’ ಇದೆ.
— ಶಿವಮೊಗ್ಗದಿಂದ

*

ಮುಗಿಲುಬಣ್ಣ ಎಂದರೆ ನಮ್ಮ ಕಡೆ ತಿಳಿ ನೀಲಿ. ಸೀರೆ ಅಂಗಡಿಯಲ್ಲಿ ಕೇಳಿ ನೋಡಿ. ಸಾಲದ ಮಾತೂ ಸಾಕು. ಕಾಗದ, ಶಾಯಿ ಪಾರಸಿಯಿಂದ ಬಂದವು. ‘ಬಣ್ಣ’ವೇ ವರ್ಣದ ತದ್ಭವ. ಅದನ್ನೂ ತೆಗೆದುಹಾಕಿದರೆ ನಮ್ಮ ಬಳಿ ಕೆಂಪು, ಹಸುರು, ಕಪ್ಪು ಉಳಿಯುತ್ತವೆ. ಅವೆಲ್ಲಕ್ಕೂ ಸೇರಿ ಒಂದು ಹೆಸರು ಉಳಿಯುವುದಿಲ್ಲ.
— ವಿಜಯಪುರದಿಂದ

*

ಬಂದದ್ದು ಕನ್ನಡದ ಬಾಯಿಗೆ ಒಗ್ಗಿ ಬರಲಿ ಎಂಬುದಷ್ಟೇ ನನ್ನ ಹಟ. ವರ್ಣ ಬಣ್ಣವಾಯಿತು, ಒಪ್ಪಿದೆವು. ಅಬ್ರಿಯನ್ನು ಇವತ್ತು ಯಾರ ಬಾಯಲ್ಲಿ ಕೇಳಿದ್ದೀರಿ? ಕಲಾ ಇತಿಹಾಸ ಬಲ್ಲವರ ಹೊರತು ಯಾರೂ ಆಡದ ಪದವನ್ನು ಮಕ್ಕಳ ಕೈಪಿಡಿಗೆ ಹಾಕಬೇಡಿ.
— ಶಿವಮೊಗ್ಗದಿಂದ

*

‘ತೇಲುಬಣ್ಣ’ದ ಬಗ್ಗೆ ಅಚ್ಚುಮನೆಯ ಅನುಭವದಿಂದ ಒಂದು ಮಾತು. ಅದು ‘ತೆಳುಬಣ್ಣ’ವಾಗಿ ಅಚ್ಚಾಗುವುದು ಖಂಡಿತ. ಕರಡು ತಿದ್ದುವವರೇ ತಿದ್ದಿಬಿಡುತ್ತಾರೆ. ಮೇಲಿನ ಪತ್ರದಲ್ಲಿ ‘ಅಬ್ರಿಯ ಸುಳಿಗಳು’ ಎಂದು ತಾನಾಗಿ ಬಂದಿದೆ, ಗಮನಿಸಿದಿರಾ? ಹೊಳೆಯ ಸುಳಿ, ತಲೆಯ ಸುಳಿ ಎಲ್ಲರಿಗೂ ಗೊತ್ತು. ‘ಸುಳಿಬಣ್ಣ’ ಎನ್ನಿ.
— ಧಾರವಾಡದಿಂದ

*

ಬಾಚಣಿಗೆಯಿಂದ ನೇರ ಎಳೆದರೆ ಸುಳಿ ಎಲ್ಲಿರುತ್ತದೆ? ಗರಿಯಂಥ ಗೆರೆಗಳು ಬರುತ್ತವೆ.
— ಮೈಸೂರಿನಿಂದ

*

ಎಲ್ಲರಿಗೂ ಧನ್ಯವಾದ. ಮಕ್ಕಳು ಬಳಸುವುದು ಕಡ್ಡಿಯನ್ನೇ, ಸುತ್ತಿಸಿಯೇ ಎಳೆಯುತ್ತಾರೆ. ಹಾಗಾಗಿ ‘ಡಿಸ್ಕಿಗೆ ಸುಳಿಬಣ್ಣ’ ಎಂಬ ಶೀರ್ಷಿಕೆ ಕಳುಹಿಸಿದ್ದೇನೆ. ಒಳಗೆ ‘ಬಣ್ಣ ಊಡಿಸಿ, ಬಳಿಯಬೇಡಿ’ ಎಂದು ದಪ್ಪಕ್ಷರದಲ್ಲಿದೆ. ಬಿಜಾಪುರದ ಕುದುರೆಯ ವಿಷಯವನ್ನು ಅಬ್ರಿ ಎಂಬ ಹೆಸರಿನ ಸಮೇತ ಒಂದು ಚೌಕದಲ್ಲಿ ಸೇರಿಸಿದ್ದೇನೆ.
— ಕ್ಯಾಲಿಫೋರ್ನಿಯಾದಿಂದ

*

‘ಡಿಸ್ಕ್’ ಹಾಗೆಯೇ ಉಳಿಯಿತಲ್ಲ. ‘ಬಿಲ್ಲೆ’ ಎಂಬ ಪದ ನಿಮಗೆ ಕಾಣಿಸಲಿಲ್ಲವೇ?
— ಶಿವಮೊಗ್ಗದಿಂದ

*

ಬಿಲ್ಲೆ ಅಂಗೈಯಲ್ಲಿ ಅಡಗುತ್ತದೆ. ಈ ಡಿಸ್ಕಿನ ಅಡ್ಡಳತೆ 21 ಸೆಂಟಿಮೀಟರಿಗೆ ಕಡಿಮೆ ಇರುವಂತಿಲ್ಲ. ಕ್ರಿಕೆಟ್ಟಿನ ಬ್ಯಾಟನ್ನು ಬ್ಯಾಟ್ ಎಂದೇ ಬರೆಯುತ್ತೇವೆ. ಡಿಸ್ಕ್ ಕೂಡ ಡಿಸ್ಕ್ ಆಗಿಯೇ ಇರಲಿ.
— ಧಾರವಾಡದಿಂದ