ವಿಜಯಪುರಕ್ಕೆ ವರ್ಗ ಆಗಿದೆ. ಎಲ್ಲಿ ಉಣ್ಣುವುದು, ಎಲ್ಲಿ ಕೂರುವುದು, ಎಲ್ಲಿ ಸುತ್ತುವುದು?

ಮೈಸೂರಿನವ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮೈಸೂರಿನಿಂದ ವಿಜಯಪುರಕ್ಕೆ ಹೊರಟಿದ್ದೇವೆ. ನಾನು, ಹೆಂಡತಿ, ಆರು ವರ್ಷದ ಮಗಳು. ಹೈಸ್ಕೂಲಿನಲ್ಲಿದ್ದಾಗ ಪ್ರವಾಸಕ್ಕೆ ಬಂದು ಗೋಳಗುಮ್ಮಟದಲ್ಲಿ ಕೂಗಿ ಬಂದದ್ದು ಬಿಟ್ಟರೆ ಊರಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಯಾರನ್ನು ಕೇಳಿದರೂ "ಬಿಸಿಲು ಜಾಸ್ತಿ, ಧೂಳು ಜಾಸ್ತಿ" ಅಂತಲೇ ಹೇಳುತ್ತಾರೆ. ಅದನ್ನೇ ಕೇಳಿ ಕೇಳಿ ಹೆಂಡತಿ ಸಪ್ಪಗಾಗಿದ್ದಾಳೆ. ಕನಿಷ್ಠ ಮೂರು ವರ್ಷ ಅಲ್ಲೇ ಇರಬೇಕು. ಒಂದು ದಿನಕ್ಕೆ ಬಂದು ಹೋಗುವವರಿಗೆ ಹೇಳುವ ಪಟ್ಟಿ ಬೇಡ. ಹೊರಗಿನಿಂದ ಬಂದು ಅಲ್ಲಿ ನೆಲೆ ನಿಂತವರು ಯಾರಾದರೂ ಇದ್ದರೆ, ನೀವು ನಿಜವಾಗಿ ಎಲ್ಲಿ ಉಣ್ಣುತ್ತೀರಿ, ಸಂಜೆ ಎಲ್ಲಿ ಹೋಗಿ ಕೂರುತ್ತೀರಿ, ರಜೆ ದಿನ ಏನು ಮಾಡುತ್ತೀರಿ, ತಿಳಿಸಿ.

ಕುಂದಾಪುರದವಳು:

ನಾನು ಕುಂದಾಪುರದವಳು. ಬ್ಯಾಂಕ್ ಕೆಲಸ. ವಿಜಯಪುರಕ್ಕೆ ಬಂದು ಏಳು ವರ್ಷ ಆಯಿತು. ಕರಾವಳಿಗೆ ವಾಪಸ್ ಹೋಗುವ ಅವಕಾಶ ಎರಡು ಸಲ ಬಂತು, ಎರಡು ಸಲವೂ ಬೇಡ ಅಂದೆ. ನಿಮ್ಮ ಹೆಂಡತಿಯ ಚಿಂತೆ ಓದಿದಾಗ ನನ್ನ ಮೊದಲ ತಿಂಗಳು ನೆನಪಾಯಿತು. ಸ್ವಲ್ಪ ಉದ್ದ ಆದರೂ ಪೂರ್ತಿ ಬರೆಯುತ್ತೇನೆ.

ನಾನು ಬಂದದ್ದು ಏಪ್ರಿಲ್‌ನಲ್ಲಿ. ಮೊದಲ ಭಾನುವಾರ ಊಟ ಮುಗಿಸಿ ಮಧ್ಯಾಹ್ನ ಒಂದು ಗಂಟೆಗೆ ಗುಮ್ಮಟ ಹತ್ತಿದೆ. ಇಳಿದು ಬರುವಷ್ಟರಲ್ಲಿ ಮೂಗಿನಲ್ಲಿ ರಕ್ತ. ಮರದ ಕೆಳಗೆ ಕೂತಿದ್ದ ಅಜ್ಜಿಯೊಬ್ಬರು ನನ್ನನ್ನು ಕೂರಿಸಿ, ನೆತ್ತಿಗೆ ನೀರು ತಟ್ಟಿ, "ಇಂಥಾ ಹೊತ್ತಿನ್ಯಾಗ ಯಾರರ ಹೊರಗ ಬೀಳ್ತಾರೇನವ್ವಾ? ನಸುಕಿನ್ಯಾಗ ಬರಬೇಕು, ಇಲ್ಲಾ ಹೊತ್ತು ಮುಳುಗೂ ಮುಂದ ಬರಬೇಕು" ಅಂದರು. ಈ ಊರಲ್ಲಿ ಇರುವುದು ಹೇಗೆ ಅಂತ ನನಗೆ ಹೇಳಿಕೊಟ್ಟವರು ಅವರೇ. ಬೆಳಿಗ್ಗೆ ಹತ್ತರ ಒಳಗೆ, ಸಂಜೆ ಐದರ ಮೇಲೆ. ನಡುವೆ ಊರೂ ಮಲಗುತ್ತದೆ, ನೀವೂ ಮಲಗಿ.

ಗುಮ್ಮಟಕ್ಕೆ ಬೆಳಿಗ್ಗೆ ಆರಕ್ಕೆ, ಗೇಟ್ ತೆಗೆಯುವ ಹೊತ್ತಿಗೆ ಹೋಗಿ. ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲಲ್ಲಿ ಏಳು ಅಂತಸ್ತು ಹತ್ತಬೇಕು. ಮಗಳಿಗೆ ಅಲ್ಲಲ್ಲಿ ನಿಂತು ಉಸಿರು ಬಿಡಲು ಜಾಗ ಇದೆ. 1656ರಲ್ಲಿ ಮುಗಿದ ಕಟ್ಟಡ, ಹೊರಗಿನ ಅಳತೆಯಲ್ಲಿ 44 ಮೀಟರ್ ಅಗಲದ ಗುಮ್ಮಟ, ಒಳಗೆ ಒಂದೇ ಒಂದು ಕಂಬ ಇಲ್ಲ. ಒಂದು ಸಲ ನಾನೂ ನನ್ನ ಸಹೋದ್ಯೋಗಿಯೂ ಮೇಲಿನ ಸುತ್ತು ಮೊಗಸಾಲೆಯಲ್ಲಿ ಎದುರುಬದುರು ಗೋಡೆಗೆ ಕಿವಿ ಕೊಟ್ಟು ಕೂತಿದ್ದೆವು. ಅವಳು ಆ ಕಡೆಯಿಂದ ಪಿಸುಮಾತಲ್ಲಿ "ಚಾ ಕುಡಿಯೂಣೇನು?" ಅಂದಳು. ಪಕ್ಕದಲ್ಲೇ ಕೂತು ಕಿವಿಯಲ್ಲಿ ಹೇಳಿದ ಹಾಗೆ ಕೇಳಿಸಿತು. ಎಂಟು ಗಂಟೆ ದಾಟಿ ಪ್ರವಾಸದ ಬಸ್ಸುಗಳು ಬಂದ ಮೇಲೆ ಕೂಗಾಟ, ಶಿಳ್ಳೆ, ಚಪ್ಪಾಳೆ. ಆಮೇಲೆ ಪಿಸುಮಾತು ಕೇಳುವ ಮಾತೇ ಇಲ್ಲ.

ಆದರೆ ನನ್ನನ್ನು ಈ ಊರಲ್ಲಿ ಹಿಡಿದು ನಿಲ್ಲಿಸಿದ್ದು ಗುಮ್ಮಟ ಅಲ್ಲ, ನೀರು. ನಂಬುವುದು ಕಷ್ಟ ಅಲ್ವಾ? ಕಡಲ ಪಕ್ಕ ಹುಟ್ಟಿ ಬೆಳೆದವಳಿಗೆ ಎಲ್ಲಿ ನೋಡಿದರೂ ನೀರು ಕಾಣದೆ ಮೊದಲ ಬೇಸಿಗೆ ಎದೆಯೇ ಒಣಗಿದ ಹಾಗಿತ್ತು. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಅಳುತ್ತಿದ್ದೆ. ಒಂದು ಸಂಜೆ ಮನೆ ಮಾಲೀಕರ ಹೆಂಡತಿ "ನಡೀರಿ, ನಿಮಗ ನೀರು ತೋರಸ್ತೀನಿ" ಅಂತ ತಾಜ್ ಬಾವಡಿಗೆ ಕರೆದುಕೊಂಡು ಹೋದರು. ಬೀದಿಯಿಂದ ನೋಡಿದರೆ ಒಂದು ದೊಡ್ಡ ಕಮಾನು, ಎರಡು ಕಡೆ ಗೋಪುರ, ಅಷ್ಟೇ. ಕಮಾನು ದಾಟಿ ಎರಡು ಹೆಜ್ಜೆ ಇಟ್ಟೆ, ನೆಲ ಬಾಯಿ ತೆರೆದ ಹಾಗೆ ಆಯಿತು. ಒಂದೊಂದು ಬದಿಯೂ 220 ಅಡಿಗಿಂತ ಹೆಚ್ಚು ಉದ್ದದ ಬಾವಿ! ಹಸಿರು ನೀರು, ಗೋಡೆಯ ಸಂದಿಯಲ್ಲಿ ಪಾರಿವಾಳ, ಕೆಳಗಿನಿಂದ ಬರುವ ತಂಪು. 1620ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಕಟ್ಟಿಸಿದ್ದು. ನಾನು ಮೆಟ್ಟಿಲ ಮೇಲೆ ಕೂತವಳು ಕತ್ತಲಾಗುವ ತನಕ ಏಳಲಿಲ್ಲ. ಅವರೂ ಏನೂ ಮಾತಾಡದೆ ಪಕ್ಕದಲ್ಲಿ ಕೂತಿದ್ದರು.

ಆಮೇಲೆ ಹುಡುಕಿಕೊಂಡು ಹೋದೆ. ಚಾಂದ ಬಾವಡಿ ಅದಕ್ಕಿಂತ ಹಳೆಯದು, 1579ರದ್ದು. ತೊರವಿ ಕಡೆಯಿಂದ ನೆಲದೊಳಗೆ ಸುರಂಗ ತೋಡಿ ಊರಿಗೆ ನೀರು ತರುತ್ತಿದ್ದರು. ಅದಕ್ಕೆ ಸುರಂಗ ಬಾವಡಿ ಅಂತಲೇ ಹೆಸರು. ಬೇಗಂ ತಲಾಬ್ ಅನ್ನುವ ಕೆರೆಯಿಂದ ಮಣ್ಣಿನ ಕೊಳವೆಯಲ್ಲಿ ನೀರು ಬರುತ್ತಿತ್ತು. ಇಷ್ಟೆಲ್ಲ ತಿಳಿದ ಮೇಲೆ ಊರು ಬೇರೆಯೇ ಕಾಣತೊಡಗಿತು. ನೀರಿಲ್ಲದ ಕಡೆ ಹನಿ ಹನಿ ಕೂಡಿಟ್ಟುಕೊಂಡು ಬದುಕಿದ ಜನರ ಊರು ಇದು. ನಮ್ಮೂರಲ್ಲಿ ಮಳೆ ನೀರು ಸುಮ್ನೆ ಹರಿದು ಕಡಲಿಗೆ ಹೋಗುತ್ತದೆ, ಯಾರೂ ತಿರುಗಿ ನೋಡುವುದಿಲ್ಲ.

ಸಂಜೆ ಕೂರಲು ನನ್ನ ಜಾಗ ಇಬ್ರಾಹಿಂ ರೋಜಾ. ಒಂದೇ ಕಟ್ಟೆಯ ಮೇಲೆ ಸಮಾಧಿಯೂ ಮಸೀದಿಯೂ ಎದುರುಬದುರು, ನಡುವೆ ಕೊಳ. ಐದರ ಹೊತ್ತಿಗೆ ಹೋಗಿ ಹುಲ್ಲಿನ ಮೇಲೆ ಕೂರುತ್ತೇನೆ. ಗಿಳಿಗಳ ಸದ್ದು ಬಿಟ್ಟರೆ ಬೇರೆ ಗಲಾಟೆ ಇಲ್ಲ. ಸಮಾಧಿಯ ಕಿಟಕಿಗಳನ್ನು ಹತ್ತಿರ ಹೋಗಿ ನೋಡಿ. ಜಾಲರಿ ಅಂತ ಅನಿಸುವುದು ಅಕ್ಷರಗಳು. ಅಕ್ಷರದ ಸುತ್ತಲಿನ ಕಲ್ಲನ್ನು ಕೊರೆದು ತೆಗೆದಿದ್ದಾರೆ, ಆ ಸಂದಿಯಲ್ಲೇ ಬೆಳಕು ಒಳಗೆ ಬರುತ್ತದೆ. ನಾನು ಪ್ರತಿ ಸಲವೂ ಒಂದೇ ಕಿಟಕಿಯ ಮುಂದೆ ನಿಲ್ಲುತ್ತೇನೆ. ಇನ್ನೂ ಸಾಕಾಗಿಲ್ಲ.

ಈಗ ಊಟ. ಹೋಟೆಲ್ ಹೆಸರು ಹೇಳುವುದಿಲ್ಲ, ಯಾಕೆಂದರೆ ಇಲ್ಲಿ ಹೋಟೆಲ್‌ಗಿಂತ ಖಾನಾವಳಿ ಹುಡುಕಬೇಕು. ಒಳಗೆ ಹೆಂಗಸರು ರೊಟ್ಟಿ ಬಡಿಯುವ ಪಟಪಟ ಸದ್ದು ಬೀದಿಗೆ ಕೇಳಿಸುವ ಖಾನಾವಳಿ ಆದರೆ ಧೈರ್ಯವಾಗಿ ಒಳಗೆ ಹೋಗಿ. ಮೊದಲ ದಿನ ನಾನು ಖಡಕ್ ರೊಟ್ಟಿಯನ್ನು ಚಪಾತಿ ಹರಿದ ಹಾಗೆ ಹರಿಯಲು ಹೋದೆ. ಹಪ್ಪಳದ ಹಾಗೆ ಪುಡಿಯಾಯಿತು. ಬಡಿಸುತ್ತಿದ್ದ ಅಕ್ಕ ಬಂದು, ಇನ್ನೊಂದು ರೊಟ್ಟಿಯನ್ನು ಅಂಗೈಯಲ್ಲಿ ಒತ್ತಿ ನಾಲ್ಕು ತುಂಡು ಮಾಡಿ, ಅದರ ಮೇಲೆ ಬದನೆಕಾಯಿ ಎಣಗಾಯಿಯ ಬಿಸಿ ರಸ ಹಾಕಿ, "ಸ್ವಲ್ಪ ತಡೀರಿ ಅಕ್ಕಾರ, ಮೆತ್ತಗಾಗತೈತಿ" ಅಂದರು. ಅಷ್ಟರಲ್ಲಿ ಶೇಂಗಾ ಹಿಂಡಿಯ, ಅಂದರೆ ಕಡಲೆಕಾಯಿ ಚಟ್ನಿಪುಡಿಯ, ನಡುವೆ ಬೆರಳಿನಿಂದ ಗುಳಿ ಮಾಡಿ ಎಣ್ಣೆ ಬಿಟ್ಟರು. ಪಕ್ಕಕ್ಕೆ ಮೊಸರು, ಹಸಿ ಮೆಂತೆ ಸೊಪ್ಪು, ಉಳ್ಳಾಗಡ್ಡಿ. ಬದನೆಯ ಮಸಾಲೆ ಕುಡಿದ ರೊಟ್ಟಿ ಅಂಚಲ್ಲಿ ಇನ್ನೂ ಗರಿಗರಿ, ನಡುವೆ ಮೆತ್ತಗೆ. ಅವತ್ತು ಅನ್ನ ಮುಟ್ಟಲಿಲ್ಲ. ಕುಚ್ಚಲಕ್ಕಿ ಇಲ್ಲದೆ ಒಂದು ದಿನ ಇರಲಾರೆ ಅಂದುಕೊಂಡವಳು ಈಗ ಊರಿಗೆ ಹೋಗುವಾಗ ಇಲ್ಲಿಂದ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತೇನೆ.

ಬೆಳಗಿನ ತಿಂಡಿಗೆ ಚುರಮುರಿ ಸೂಸಲಾ (ನೆನೆಸಿ ಒಗ್ಗರಣೆ ಹಾಕಿದ ಮಂಡಕ್ಕಿ), ಜೊತೆಗೆ ಮಿರ್ಚಿ ಭಜಿ. ಮೀನು ಮಾತ್ರ ನಾನು ಊರಿಗೆ ಹೋದಾಗಲೇ ತಿನ್ನುವುದು.

ಗುಮ್ಮಟದ ಓಣಿ:

ಅಕ್ಕಾವ್ರು ಇಷ್ಟು ಪ್ರೀತಿಯಿಂದ ಬರೆದದ್ದು ಓದಿ ಕಣ್ಣು ತುಂಬಿತು ರೀ. ನಾನು ಇಲ್ಲೇ ಹುಟ್ಟಿದವನು. ಅವರು ಬಿಟ್ಟದ್ದು ಒಂದೆರಡು ಸೇರಿಸುತ್ತೇನೆ.

ಮಗಳಿಗೆ ಮೊದಲು ತೋರಿಸಬೇಕಾದ್ದು ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, 55 ಟನ್ ತೂಕ. ತೋಪಿನ ಬಾಯಿ ಅಂದರೆ ಸಿಂಹದ ಬಾಯಿ, ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. ಆನೆ ಎಲ್ಲಿದೆ ಹುಡುಕು ಅಂತ ಹೇಳಿ ಬಿಡಿ, ಅರ್ಧ ಗಂಟೆ ಅಲ್ಲೇ ಇರುತ್ತಾಳೆ. ಹತ್ತಿರದಲ್ಲೇ ಉಪಲಿ ಬುರುಜು. ಸುಮಾರು 80 ಅಡಿ ಎತ್ತರ, ಮೆಟ್ಟಿಲು ಹೊರಗಿನಿಂದ ಸುತ್ತಿಕೊಂಡು ಹೋಗುತ್ತದೆ. ಮಗುವಿನ ಕೈ ಬಿಡಬೇಡಿ. ಮೇಲೆ ನಿಂತರೆ ಇಡೀ ಊರು ಕಾಣುತ್ತದೆ.

ಗುಮ್ಮಟದ ಮುಂದಿನ ಮ್ಯೂಸಿಯಂಗೆ ಶುಕ್ರವಾರ ರಜೆ. ಬಾಗಲಕೋಟೆ ರಸ್ತೆಯಲ್ಲಿ ಹೋದರೆ ಕೊಲ್ಹಾರದಲ್ಲಿ ಇಳಿದು ಗಡಿಗೆ ಮೊಸರು ತೆಗೆದುಕೊಳ್ಳಿ. ಗಡಿಗೆ ಬೋರಲು ಹಿಡಿದರೂ ಬೀಳುವುದಿಲ್ಲ, ಅಷ್ಟು ಗಟ್ಟಿ.

ಬರೀ ಬಿಸಿಲು ಅನ್ನುವವರು ಎಳ್ಳ ಅಮಾವಾಸ್ಯೆಗೆ ಇಲ್ಲಿ ಇರಬೇಕು. "ಡೋಣಿ ಬೆಳೆದರ ಓಣೆಲ್ಲಾ ಜೋಳ" ಅಂತ ನಮ್ಮ ಕಡೆ ಮಾತು, ಡೋಣಿ ಅಂದರೆ ಇಲ್ಲಿಯ ಹೊಳೆ. ಆಗ ಹೊಲದಲ್ಲಿ ಬಿಳಿಜೋಳ ಆಳೆತ್ತರ ನಿಂತಿರುತ್ತದೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ, ಚರಗ ಚೆಲ್ಲಿ, ಅಂದರೆ ಹೊಲಕ್ಕೆ ಎಡೆಯ ಅಡುಗೆ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತೇವೆ. ಸಜ್ಜೆ ರೊಟ್ಟಿ, ಪುಂಡಿ ಪಲ್ಲೆ, ಶೇಂಗಾ ಹೋಳಿಗೆ. ನಿಮ್ಮ ಆಫೀಸಿನಲ್ಲಿ ಯಾರಾದರೂ ಕರೆದೇ ಕರೆಯುತ್ತಾರೆ. ಸಂಕೋಚ ಮಾಡದೆ ಹೋಗಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ನಂದಿಧ್ವಜದ ಮೆರವಣಿಗೆ, ರಾತ್ರಿ ಮದ್ದು ಸುಡುವುದು. ಆ ದಿನಗಳಲ್ಲಿ ಊರಿನಲ್ಲಿ ಯಾರೂ ಮನೆಯೊಳಗೆ ಇರುವುದಿಲ್ಲ.

ಮೈಸೂರಿನವ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹೆಂಡತಿಗೆ ಪೂರ್ತಿ ಓದಿ ಹೇಳಿದೆ. ಬಾವಡಿಯ ಭಾಗವನ್ನು ಇನ್ನೊಂದು ಸಲ ಓದಿ ಅಂದಳು. ಎರಡು ಪ್ರಶ್ನೆ ಉಳಿದಿವೆ. ಮಗಳು ಖಾರ ಮುಟ್ಟುವುದಿಲ್ಲ, ಖಾನಾವಳಿಯಲ್ಲಿ ಅವಳಿಗೆ ಏನು ಕೊಡಿಸಲಿ? ಮತ್ತೆ, ಭಾನುವಾರ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವಂಥ ಜಾಗ ಯಾವುದು?

ಕುಂದಾಪುರದವಳು:

ಖಾರದ ಚಿಂತೆ ಬೇಡ. ಬಡಿಸುವವರಿಗೆ "ಕೂಸಿಗೆ ಬಿಸಿ ರೊಟ್ಟಿ ಕೊಡ್ರಿ" ಅನ್ನಿ ಸಾಕು. ಆಗ ತಾನೇ ಹಂಚಿನಿಂದ ಇಳಿದ ಮೆತ್ತನೆ ರೊಟ್ಟಿ ತರುತ್ತಾರೆ. ಬೆಣ್ಣೆ ಇದ್ದರೆ ಬೆಣ್ಣೆ, ಇಲ್ಲದಿದ್ದರೆ ಮೊಸರು, ಮೇಲೆ ಒಂಚೂರು ಬೆಲ್ಲ. ನನ್ನ ತಂಗಿಯ ಮಗ ಇಲ್ಲಿಗೆ ಬಂದಾಗ ಹತ್ತು ದಿನ ಅದರಲ್ಲೇ ಕಳೆದ. ಗೋಧಿ ಹುಗ್ಗಿ ಮಾಡಿದ ದಿನ ಸಿಕ್ಕಿದರೆ ಬಿಡಬೇಡಿ.

ಭಾನುವಾರಕ್ಕೆ ಆಲಮಟ್ಟಿ, ಸುಮಾರು 65 ಕಿಲೋಮೀಟರ್. ಬೇಗ ಹೊರಟರೆ ದಾರಿಯಲ್ಲಿ ಬಸವನ ಬಾಗೇವಾಡಿ ನೋಡಬಹುದು, ಬಸವಣ್ಣ ಹುಟ್ಟಿದ ಊರು. ಆಲಮಟ್ಟಿಯಲ್ಲಿ ಮಕ್ಕಳಿಗೆ ಉದ್ಯಾನ ಇದೆ. ನಾನು ಹೋಗುವುದು ಹಿನ್ನೀರು ನೋಡಲು. ಮಳೆಗಾಲ ಮುಗಿದ ಮೇಲೆ ಕೃಷ್ಣೆ ತುಂಬಿ ನಿಂತಾಗ ಆ ಕಡೆಯ ದಡ ಕಾಣುವುದಿಲ್ಲ. ಗಾಳಿಗೆ ಸಣ್ಣ ತೆರೆ ಏಳುತ್ತದೆ. ಕಣ್ಣು ಮುಚ್ಚಿ ನಿಂತರೆ ನನಗೆ ನಮ್ಮೂರಿನ ಕೋಡಿಯ ಕಡಲ ದಂಡೆ.

ಒಂದು ಮಾತು ಮರೆತಿದ್ದೆ. ತಾಜ್ ಬಾವಡಿಗೆ ಕೆಲವು ಸಲ ಗೇಟ್ ಹಾಕಿರುತ್ತಾರೆ. ಹಾಗಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಇನ್ನೊಂದು ದಿನ ಹೋಗಿ. ಬಂದು ಮನೆ ಹೊಂದಿಸಿಕೊಂಡ ಮೇಲೆ ಇಲ್ಲೇ ಒಂದು ಸಾಲು ಬರೆಯಿರಿ. ಮೊದಲ ಸಲ ನಿಮ್ಮ ಹೆಂಡತಿಯನ್ನು ಅಲ್ಲಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಸಂಜೆ ಐದೂವರೆಗೆ ಕಮಾನಿನ ಮುಂದೆ ನಿಂತಿರುತ್ತೇನೆ.