ಸಹಾಯ ಬೇಕು: ಹಿಮದಾಗ ಕೈ ಬೆಚ್ಚಗಿಡೋ, ನೀರು ಇಳಿಯದ ಗ್ಲೌಸ್ ಯಾವು ತಗೋಬೇಕು?

ನಮಸ್ಕಾರ ರೀ. ಡಿಸೆಂಬರ್‌ನಾಗ ನಾನು, ನನ್ನ ತಂಗಿ ಬೆಳಗಾವಿಯಿಂದ ಉತ್ತರಾಖಂಡದ ಕೇದಾರಕಂಠ ಚಾರಣಕ್ಕ ಹೊಂಟೀವಿ. ಶಿಖರ ಸುಮಾರು 12,500 ಅಡಿ, ನಸುಕಿನ್ಯಾಗ ಹಿಮದ ಮ್ಯಾಲ ನಡೀಬೇಕು. ತಂಗಿಗೆ ಇಲ್ಲಿ ಥಂಡ್ಯಾಗನ ಬೆರಳ ತುದಿ ಬೆಳ್ಳಗಾಗಿ ಜುಮ್ಮಂತಾವ. ಅದಕ್ಕ ನನಗ ಭಾಳ ಚಿಂತಿ.

ಹೋದ ಮಳಿಗಾಲದಾಗ ಚೋರ್ಲಾ ಘಾಟಿಗೆ ಬೈಕ್ ಮ್ಯಾಲ ಹೋದಾಗ ‘ವಾಟರ್‌ಪ್ರೂಫ್’ ಅಂತ ಬರದಿದ್ದ ಗ್ಲೌಸ್ ಹಾಕ್ಕೊಂಡಿದ್ದೆ. ಅರ್ಧ ತಾಸಿನ್ಯಾಗ ಬೆರಳ ಸಂದಿ ಹೊಲಿಗಿಯಿಂದ ನೀರು ಇಳೀತು. ತಗಿಯಾಕ ಹೋದ್ರ ಒಳಗಿನ ಅಸ್ತರು ಬೆರಳಿಗೆ ಅಂಟಿ ಹೊರಗ ಬಂತು, ಮತ್ತ ಒಳಗ ಸೇರಲೇ ಇಲ್ಲ. ಹಿಮದಾಗ ಹಿಂಗಾದ್ರ ಏನು ಮಾಡೂದು?

ಹತ್ತಿ ತೊಯ್ದ್ರ ಬೆಚ್ಚಗ ಇರಂಗಿಲ್ಲ, ಉಣ್ಣಿ ತೊಯ್ದ್ರೂ ಒಂದಿಷ್ಟು ಕಾಯ್ತೈತಿ, ಬಿಗಿ ಗ್ಲೌಸ್‌ದಾಗ ರಕ್ತ ಸರಿಯಾಗಿ ಓಡಾಡದ ಕೈ ಇನ್ನೂ ಥಂಡಾಗತೈತಿ ಅನ್ನೂದು ಗೊತ್ತೈತಿ. ಅದಕ್ಕ ಒಳಗ ತೆಳು ಉಣ್ಣಿ ಗ್ಲೌಸ್, ಮ್ಯಾಲ ಬೆವರಿನ ಹಬಿ ಹೊರಗ ಬಿಟ್ಟು ನೀರು ತಡಿಯೋ ಗೋರ್‌ಟೆಕ್ಸ್‌ನಂಥ ಪದರ ಇರೋ ದೊಡ್ಡ ಗ್ಲೌಸ್ ಅಂತ ವಿಚಾರ ಮಾಡೀನಿ. ಒಳಗಿಂದು ಬ್ಯಾರೆ ಇದ್ರ ರಾತ್ರಿ ಲಗೂನ ಒಣಗತೈತಲ್ರಿ.

ತಂಗಿಗೆ ಮಿಟನ್ ಕೊಡಸ್ಲೇನು? ನಾಲ್ಕೂ ಬೆರಳು ಕೂಡೇ ಇರೂದರಿಂದ ಬೆಚ್ಚಗ ಖರೆ, ಆದ್ರ ಬೂಟಿನ ದಾರ ಕಟ್ಟಾಕ ತ್ರಾಸಲ್ಲ? ಹಿಮದಾಗ ನಡದು ಬಂದವ್ರು ಹೇಳ್ರಿ. ಬೆಳಗಾವಿ, ಹುಬ್ಬಳ್ಳಿ ಕಡೆ ಕೈಗೆ ಹಾಕಿ ನೋಡಿ ತಗೊಳ್ಳೋ ಅಂಗಡಿ ಇದ್ರೂ ತಿಳಸ್ರಿ. ಇಬ್ಬರಿಗೂ ಸೇರಿ 5,000 ರೂಪಾಯಿ ತನಕ ನಡೀತೈತಿ.